ಎಟಿವಿ ಎಕ್ಸಲೇಟರ್ ಅಂಟಿಕೊಂಡಿತ್ತು, ತಪ್ಪು ನನ್ನ ಸ್ಪ್ಯಾನರ್‌ದು

ಸಕಲೇಶಪುರದ ಕಡೆ ನಮ್ಮ ಕಾಫಿ ತೋಟದಲ್ಲಿ 110 ಸಿಸಿಯ ಪುಟ್ಟ ಎಟಿವಿ, ಅಂದರೆ ಬೈಕಿನಂತೆ ಕೂತು ಓಡಿಸುವ ನಾಲ್ಕು ಚಕ್ರದ ಗಾಡಿ, ಒಂದಿದೆ. ಗೊಬ್ಬರದ ಚೀಲ, ಸ್ಪ್ರೇಯರ್, ಕೆಲವೊಮ್ಮೆ ನಾಯಿ, ಎಲ್ಲವನ್ನೂ ಹೊರುತ್ತದೆ. ಹೋದ ಮಳೆಗಾಲ, ಕೆರೆ ಕಡೆಯ ಇಳಿಜಾರು. ಎಕ್ಸಲೇಟರ್ ಲಿವರ್‌ನಿಂದ ಹೆಬ್ಬೆರಳು ತೆಗೆದೆ, ಎಂಜಿನ್ ಮಾತ್ರ ರೇಸ್ ಆಗುತ್ತಲೇ ಇತ್ತು. ಬ್ರೇಕ್ ಹಿಡಿದರೂ ಎಳೀತಾ ಇದೆ. ನನಗೆ ಕೈಕಾಲೇ ಆಡಲಿಲ್ಲ. ಮೆಣಸಿನ ಬಳ್ಳಿ ಕಟ್ಟುತ್ತಿದ್ದ ಹುಡುಗ "ಅಣ್ಣಾ, ಆಫ್ ಮಾಡಿ!" ಎಂದು ಕೂಗಿದ ಮೇಲೆಯೇ ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ ನೆನಪಾಗಿದ್ದು.

ಮನೆಗೆ ತಳ್ಳಿಕೊಂಡು ಬಂದೆ. ಎಂಜಿನ್ ಆಫ್ ಇದ್ದಾಗ ಲಿವರ್ ಒತ್ತಿ ಬಿಟ್ಟರೆ, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರ್ ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ 'ಟಕ್' ಅಂತ ಕೆಳಗೆ ಬೀಳಬೇಕು. ಇಲ್ಲಿ ಸದ್ದೇ ಇಲ್ಲ. ಲಿವರ್, ಕೇಬಲ್, ಸ್ಲೈಡ್, ಮೂರರಲ್ಲಿ ಒಂದು ಹಿಡಿದಿದೆ.

ಮೊದಲು ಅನುಮಾನ ಬಂದಿದ್ದು ಕೇಬಲ್ ಮೇಲೆ. ಮಳೆಗಾಲ ಅಲ್ವಾ! ಲಿವರ್ ಡಬ್ಬಿಯ ಸ್ಕ್ರೂ ಬಿಚ್ಚಿದರೆ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಕೇಬಲ್‌ನ ಮೇಲ್ತುದಿಗೆ ಪ್ಲಾಸ್ಟಿಕ್ ಕವರ್‌ನ ಮೂಲೆ ಕಟ್ಟಿ, ತೆಳು ಎಣ್ಣೆ ಸುರಿದು, ರಾತ್ರಿಯಿಡೀ ನೇತುಹಾಕಿದೆ. ಗ್ರೀಸ್ ಹಾಕಬೇಡಿ, ಮಣ್ಣನ್ನು ಅದೇ ಕರೆದು ಕೂರಿಸಿಕೊಳ್ಳುತ್ತೆ. ಬೆಳಿಗ್ಗೆ ತಂತಿ ಸಲೀಸಾಗಿ ಓಡುತ್ತಿತ್ತು, ಒಂದು ಎಳೆಯೂ ಕಿತ್ತಿರಲಿಲ್ಲ.

ಜೋಡಿಸಿ ನೋಡಿದರೆ ಮತ್ತೆ ಅದೇ ಕಥೆ.

ಕಾರ್ಬೊರೇಟರ್ ಬಿಚ್ಚಿ ಮೇಜಿನ ಮೇಲಿಟ್ಟೆ. ಸ್ಲೈಡನ್ನು ಪೆಟ್ರೋಲಲ್ಲಿ ತೊಳೆದು ಒಳಗೆ ಬಿಟ್ಟೆ. ಕೈಯಲ್ಲಿ ಹಿಡಿದಾಗ ಬೆಣ್ಣೆಯಂತೆ ಜಾರಿತು. ಎಂಜಿನ್‌ಗೆ ಕೂರಿಸಿ ಎರಡು ನಟ್ ಬಿಗಿದ ಕೂಡಲೇ ಹಿಡಿಯಿತು! ಅರ್ಧ ಸುತ್ತು ಸಡಿಲಿಸಿದೆ, ಟಕ್. ಬಿಗಿದೆ, ಸದ್ದಿಲ್ಲ. ನಾಲ್ಕು ಸಲ ಹೀಗೇ ಮಾಡಿ ನೋಡಿದೆ. ಆಮೇಲೆ ಸುಮ್ನೆ ನಗು ಬಂತು.

ವಾರದ ಹಿಂದೆ ಐಡಲ್, ಅಂದರೆ ಲಿವರ್ ಒತ್ತದಿದ್ದಾಗಿನ ಎಂಜಿನ್ ವೇಗ, ಏರಿಳಿಯುತ್ತಿತ್ತು. ಎಲ್ಲೋ ಗಾಳಿ ಎಳೆಯುತ್ತಿದೆ ಎಂದುಕೊಂಡು ಅದೇ ಎರಡು ನಟ್‌ಗಳನ್ನು ಹತ್ತರ ಸ್ಪ್ಯಾನರ್ ಹಾಕಿ ಮೈಯೆಲ್ಲ ಭಾರ ಬಿಟ್ಟು ಬಿಗಿದವನು ನಾನೇ. ಕಾರ್ಬೊರೇಟರ್ ಮೈ ಮೆತ್ತನೆಯ ಲೋಹ. ನಟ್ ಕೂರುವ ಎರಡು ಕಿವಿ ಹಿಂದಕ್ಕೆ ಬಾಗಿ, ಸ್ಲೈಡ್ ಓಡಾಡುವ ದುಂಡನೆಯ ಕೊಳವೆ ಕೂದಲೆಳೆಯಷ್ಟು ಅದುಮಿಕೊಂಡಿತ್ತು. ಸ್ಲೈಡ್ ಹಿಡಿಯಲು ಅಷ್ಟು ಸಾಕು. ಐಡಲ್ ಏರಿಳಿಯಲು ಅಸಲಿ ಕಾರಣ, ಎಂಜಿನ್‌ಗೂ ಕಾರ್ಬೊರೇಟರ್‌ಗೂ ನಡುವೆ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಉಂಗುರ, ಓ-ರಿಂಗ್, ಗಟ್ಟಿಯಾಗಿ ಚಪ್ಪಟೆಯಾಗಿದ್ದದ್ದು. ಹೊಸದು ಹಾಕಿದ್ದರೆ ಮುಗಿದಿತ್ತು.

ಕಿಟಕಿ ಗಾಜಿನ ತುಂಡಿನ ಮೇಲೆ ಕಾರ್ಬೊರೇಟರ್‌ನ ಎಂಜಿನ್‌ಗೆ ತಾಗುವ ಮುಖ ಇಟ್ಟರೆ ಕಾಲು ಕುಂಟಾದ ಮಣೆಯಂತೆ ಅಲ್ಲಾಡುತ್ತಿತ್ತು. ಗಾಜಿನ ಮೇಲೆ 400ರ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಜಾಸ್ತಿ ಉಜ್ಜಿದರೆ ಓ-ರಿಂಗ್ ಕೂರುವ ತೋಡು ಆಳ ಕಳೆದುಕೊಳ್ಳುತ್ತದೆ, ಹಾಗಾಗಿ ಅಲ್ಲಾಟ ನಿಂತ ಕೂಡಲೇ ನಿಲ್ಲಿಸಿದೆ. ಚೆನ್ನಾಗಿ ತೊಳೆದು ಹೊಸ ಓ-ರಿಂಗ್ ಹಾಕಿದೆ. ಈ ಸಲ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ನಟ್ ಹತ್ತಿರವೇ ಹಿಡಿದು, ಎರಡೂ ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆ.

ಸ್ಲೈಡ್ ಹಾಕುವಾಗ ಒಂದು ಎಚ್ಚರ. ಅದರ ಉದ್ದ ಗೀರು ಒಳಗಿನ ಪಿನ್‌ಗೆ ಸರಿಯಾಗಿ ಕೂರಬೇಕು, ಓರೆಯಾಗಿ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗಿರಬೇಕು. ತಪ್ಪಾದರೆ ಸ್ಲೈಡ್ ಪೂರ್ತಿ ಕೆಳಗಿಳಿಯುವುದಿಲ್ಲ, ಸ್ಟಾರ್ಟ್ ಆದ ಕ್ಷಣವೇ ಎಂಜಿನ್ ಕಿರುಚುತ್ತದೆ.

ಕೊನೆಗೆ ಲಿವರ್ ತುದಿಯಲ್ಲಿ 3-4 ಮಿ.ಮೀ. ಸಡಿಲ ಆಟ ಬಿಟ್ಟು, ಐಡಲ್‌ನಲ್ಲಿ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದೆ. ಎಡಕ್ಕೆ ತಿರುಗಿಸಿದಾಗ ಸದ್ದು ಏರಿತು. ಕೇಬಲನ್ನು ಹ್ಯಾಂಡಲ್ ಕಂಬದ ತಪ್ಪು ಬದಿಯಲ್ಲಿ ತಂದಿದ್ದೆ. ಅದನ್ನೂ ಬಿಚ್ಚಿ ಸರಿಮಾಡುವಷ್ಟರಲ್ಲಿ ಸಂಜೆಯಾಗಿತ್ತು. ಗೊಬ್ಬರದ ಚೀಲಗಳನ್ನು ಹುಡುಗ ಆಗಲೇ ತಲೆ ಮೇಲೆ ಹೊತ್ತು ಮುಗಿಸಿದ್ದ.