ಪಾಯಿಂಟು ಕೂಡುವ ಮೊದಲು ಇಸವಿ ನೋಡಿ: ಹಳೆಯ ತಾರಾನೌಕೆಗಳನ್ನು ಅವುಗಳ ಕಾಲದಲ್ಲೇ ಆಡಿಸುವ ಬಗೆ

ತಾರಾನೌಕೆಗಳ ವಾರ್‌ಗೇಮ್ ಆಡಲು ಇಬ್ಬರು ಮೇಜಿಗೆ ಕುಳಿತಾಗ ಮೊದಲು ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ "ಎಷ್ಟು ಪಾಯಿಂಟಿನ ಆಟ?" ಎಂಬುದೇ ಆಗಿರುತ್ತದೆ. ಪ್ರತಿ ನೌಕೆಗೂ ಅದರ ಬಲಕ್ಕೆ ತಕ್ಕ ಪಾಯಿಂಟು ಇರುತ್ತದೆ; ಒಂದು ಮೊತ್ತಕ್ಕೆ ಇಬ್ಬರೂ ಒಪ್ಪಿ, ತಮಗೆ ಬೇಕಾದ ನೌಕೆಗಳನ್ನು ಆರಿಸಿ, ಲೆಕ್ಕ ಸರಿಬಂದ ಕೂಡಲೇ ಕಾಯಿ ನಡೆಸಲು ತೊಡಗುತ್ತಾರೆ. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಒಬ್ಬರ ಹಳೆಯ ಕ್ರೂಸರ್ ಚಿಂದಿಯಾಗಿರುತ್ತದೆ, ಅದು ಕೈಲಾಗದ ನೌಕೆ ಎಂಬ ಅಪಖ್ಯಾತಿಯೂ ಅಂದೇ ಅಂಟಿಕೊಳ್ಳುತ್ತದೆ. ತನ್ನ ಕಾಲದಲ್ಲಿ ಗಡಿಗೆ ಗಡಿಯನ್ನೇ ನಡುಗಿಸಿದ ನೌಕೆಗೆ ಇದು ಅನ್ಯಾಯ; ಪಾಯಿಂಟಿಗಿಂತ ಮೊದಲು ಇಸವಿಯನ್ನು ಕೇಳಿದ್ದರೆ ಈ ಅನ್ಯಾಯ ತಪ್ಪುತ್ತಿತ್ತು.

ಈ ಲೇಖನದಲ್ಲಿ ಮುಖ್ಯವಾಗಿ ಸ್ಟಾರ್ ಫ್ಲೀಟ್ ಬ್ಯಾಟಲ್ಸ್ ಆಟವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸ್ಟೀಫನ್ ವಿ. ಕೋಲ್ ರೂಪಿಸಿದ, 1979ರಲ್ಲಿ ಟಾಸ್ಕ್ ಫೋರ್ಸ್ ಗೇಮ್ಸ್ ಹೊರತಂದ ಈ ಆಟ ಕಾಲಮಾನದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪ್ರತಿ ನೌಕೆಗೂ ಯುದ್ಧಬಲದ ಪಾಯಿಂಟಿನ ಜೊತೆಗೆ ಅದು ಸೇವೆಗೆ ಸೇರಿದ ವರ್ಷವೂ ದಾಖಲಾಗಿರುತ್ತದೆ. ಆಟದ ಕಾಲ್ಪನಿಕ ಇತಿಹಾಸದ ವರ್ಷಗಳನ್ನು 'ವೈ' ಅಕ್ಷರ ಸೇರಿಸಿ ಬರೆಯುವುದು ವಾಡಿಕೆ. ಎಲ್ಲ ಸಾಮ್ರಾಜ್ಯಗಳನ್ನೂ ಒಳಗೆಳೆದುಕೊಂಡ ಮಹಾಯುದ್ಧ ವೈ168ರಿಂದ ವೈ185ರವರೆಗೆ ನಡೆಯುತ್ತದೆ.

ಆದ್ದರಿಂದ ಮೊದಲ ಕೆಲಸ, ಆಡುವ ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರಿಗೂ ಕಾಣುವಂತೆ ಮೇಜಿನ ಮೇಲಿಡುವುದು. "ಮಹಾಯುದ್ಧದ ಕಾಲ" ಎಂದು ಮೋಘಮ್ಮಾಗಿ ಹೇಳಿದರೆ ಸಾಲದು. ಆ ಹದಿನೇಳು ವರ್ಷಗಳೊಳಗೇ ಯುದ್ಧದ ರೀತಿ ಬದಲಾಗಿಬಿಡುತ್ತದೆ. ವೈ181ರ ಹೊತ್ತಿಗೆ ಹೊಸ ತಂತ್ರಜ್ಞಾನದ ಎಕ್ಸ್-ನೌಕೆಗಳು ಕಣಕ್ಕಿಳಿಯತೊಡಗುತ್ತವೆ, ಅವುಗಳೆದುರು ವೈ168ರ ಕ್ರೂಸರನ್ನು ನಿಲ್ಲಿಸುವುದೆಂದರೆ ಎತ್ತಿನಗಾಡಿಯನ್ನು ಹೆದ್ದಾರಿಗೆ ಬಿಟ್ಟಂತೆಯೇ ಸರಿ. ಚೀಟಿ ಬರೆದ ಮೇಲೆ ಪ್ರತಿ ನೌಕೆಯ ಸೇವಾವರ್ಷವನ್ನು ಪಟ್ಟಿಯಲ್ಲಿ ನೋಡಿ, ಚೀಟಿಯ ವರ್ಷಕ್ಕಿಂತ ಮುಂದಿನದನ್ನೆಲ್ಲ ಪಕ್ಕಕ್ಕಿಡಬೇಕು. ಪಟ್ಟಿಯಲ್ಲಿರುವುದು ಆ ದರ್ಜೆಯ ಮೊದಲ ನೌಕೆ ಸೇವೆಗೆ ಬಂದ ವರ್ಷವೆಂಬುದನ್ನೂ ನೆನಪಿಡಬೇಕು: ಅದೇ ವರ್ಷದ ಆಟದಲ್ಲಿ ಒಂದು ನೌಕೆಯನ್ನು ಒಪ್ಪಬಹುದು, ಮೂರನ್ನು ಸಾಲಾಗಿ ನಿಲ್ಲಿಸಿದರೆ ಪ್ರಶ್ನಿಸಬೇಕು. ಕಾಗದದ ಮೇಲಷ್ಟೇ ಉಳಿದ, ಕಾಲ್ಪನಿಕವೆಂದು ಗುರುತು ಹಾಕಿದ ವಿನ್ಯಾಸಗಳಿಗೆ ನನ್ನ ಮೇಜಿನಲ್ಲಿ ಪ್ರವೇಶವಿಲ್ಲ.

ಇಲ್ಲಿಯವರೆಗಿನ ಕೆಲಸ ಸುಲಭ. ನಿಜವಾದ ತೊಡಕು ರಿಫಿಟ್‌ಗಳಲ್ಲಿ, ಅಂದರೆ ಹಳೆಯ ನೌಕೆಗೆ ಹೊಸ ಸಲಕರಣೆ ಜೋಡಿಸುವುದರಲ್ಲಿ ಇದೆ, ಏಕೆಂದರೆ ಹೆಸರೂ ಆಕಾರವೂ ಮೊದಲಿನಂತೆಯೇ ಇದ್ದು ಒಳಗಿನದು ಮಾತ್ರ ಬೇರೆಯಾಗಿರುತ್ತದೆ. ಸಮುದ್ರದ ಇತಿಹಾಸದಲ್ಲೂ ಇದು ಹೊಸದಲ್ಲ. 1913ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ವಾರ್‌ಸ್ಪೈಟ್ 1916ರ ಜಟ್‌ಲೆಂಡ್ ಕದನದಲ್ಲಿಯೂ ಇತ್ತು, 1941ರ ಮ್ಯಾಟಪಾನ್ ಕದನದಲ್ಲಿಯೂ ಇತ್ತು. ನಡುವೆ 1934ರಿಂದ 1937ರವರೆಗೆ ಅದರ ಎಂಜಿನ್, ಬಾಯ್ಲರ್, ಮೇಲ್ಕಟ್ಟಡಗಳನ್ನೆಲ್ಲ ಹೊಸದಾಗಿ ಕಟ್ಟಲಾಗಿತ್ತು. ನೌಕೆಯ ಸಾಮರ್ಥ್ಯ ಬರೆದ ಮ್ಯಾಟಪಾನಿನ ಕಾಲದ ಹಾಳೆಯನ್ನು ಜಟ್‌ಲೆಂಡಿನ ಆಟಕ್ಕೆ ತಂದರೆ ಯಾರೂ ಒಪ್ಪುವುದಿಲ್ಲ. ಆದರೆ ನಮ್ಮ ಆಟದ ಸಾಮ್ರಾಜ್ಯಗಳಲ್ಲೊಂದಾದ ಕ್ಲಿಂಗನ್ನರ ಡಿ7, ಡಿ7ಬಿ, ಡಿ7ಕೆ ಎಂಬ ಮೂರು ರೂಪಗಳ ವಿಷಯದಲ್ಲಿ ಅದೇ ತಪ್ಪನ್ನು ನಾವು ಸಲೀಸಾಗಿ ಮಾಡುತ್ತೇವೆ, ಏಕೆಂದರೆ ಮೂರಕ್ಕೂ ಬಳಸುವ ಬೊಂಬೆ ಒಂದೇ. ಪ್ರತಿ ರಿಫಿಟ್ಟಿಗೂ ಅದರದೇ ವರ್ಷ, ಅದರದೇ ಪಾಯಿಂಟು ಇರುವುದರಿಂದ, ದರ್ಜೆಯ ಹೆಸರಿಗೆ ಅಂಟಿದ ಕೊನೆಯ ಅಕ್ಷರವನ್ನು ಮೂಲ ನೌಕೆಯಷ್ಟೇ ಶ್ರದ್ಧೆಯಿಂದ ಪರಿಶೀಲಿಸಬೇಕು.

ರಿಫಿಟ್ಟಿಗಿಂತಲೂ ಹೆಚ್ಚು ಕಣ್ತಪ್ಪುವುದು ಮದ್ದುಗುಂಡು. ನೌಕೆಯ ವರ್ಷ ಸರಿಯಿದೆ, ರಿಫಿಟ್ ಸರಿಯಿದೆ, ಆದರೆ ಅದರ ರ‍್ಯಾಕಿನೊಳಗಿನ ಡ್ರೋನುಗಳು (ಗುರಿಯನ್ನು ಬೆನ್ನಟ್ಟುವ ಕ್ಷಿಪಣಿಗಳು) ಹತ್ತು ವರ್ಷ ಮುಂದಿನವು ಎಂಬಂಥ ಸ್ಥಿತಿ ನಾನು ಕಂಡಂತೆ ಅತ್ಯಂತ ಸಾಮಾನ್ಯ. ಮಹಾಯುದ್ಧದ ಮೊದಲ ವರ್ಷದ ಒಂದು ಆಟದಲ್ಲಿ ನಾನೇ ಈ ತಪ್ಪು ಮಾಡಿ, ಮೂರನೆಯ ಸುತ್ತಿನಲ್ಲಿ ಎಚ್ಚೆತ್ತು, ಎಲ್ಲವನ್ನೂ ಮೊದಲಿನಿಂದ ಹೂಡಬೇಕಾಯಿತು. ಇದರ ಪರಿಣಾಮ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಈ ಆಟದ ಒಂದು ಸುತ್ತನ್ನು 32 ಇಂಪಲ್ಸ್‌ಗಳಾಗಿ ಒಡೆಯಲಾಗಿದೆ. ಹಳೆಯ ಡ್ರೋನಿನ ವೇಗ 8, ಅಂದರೆ ನಾಲ್ಕು ಇಂಪಲ್ಸಿಗೊಮ್ಮೆ ಅದು ಒಂದು ಮನೆ ಮುಂದೆ ಹೋಗುತ್ತದೆ. ಅದರ ಆಯುಷ್ಯ ಮೂರು ಸುತ್ತು, ಆದ್ದರಿಂದ ಒಟ್ಟು 24 ಮನೆ ಓಡಿ ಸತ್ತುಹೋಗುತ್ತದೆ. 16ರ ವೇಗದಲ್ಲಿ ಹೋಗುತ್ತಿರುವ ಕ್ರೂಸರ್ ಮೂತಿ ತಿರುಗಿಸಿ ಓಡಿದರೆ ಸಾಕು, ಆ ಡ್ರೋನ್ ಎಂದಿಗೂ ಅದನ್ನು ಮುಟ್ಟಲಾರದು. ಯುದ್ಧದ ಕೊನೆಗಾಲದ ಡ್ರೋನಿನ ವೇಗ 32. ಅದು ಪ್ರತಿ ಇಂಪಲ್ಸಿನಲ್ಲೂ ಚಲಿಸುತ್ತದೆ, ನೌಕೆಗಳ ಗರಿಷ್ಠ ವೇಗವೋ 31 ಮಾತ್ರ. ಅದೇ ಕ್ರೂಸರಿನ ಬೆನ್ನ ಹಿಂದೆ ಹತ್ತು ಮನೆ ದೂರದಿಂದ ಈ ಡ್ರೋನನ್ನು ಬಿಟ್ಟರೆ ಇಪ್ಪತ್ತು ಇಂಪಲ್ಸ್‌ಗಳಲ್ಲಿ, ಅಂದರೆ ಒಂದು ಸುತ್ತು ಮುಗಿಯುವ ಮೊದಲೇ, ಅದು ತಾಗಿರುತ್ತದೆ. ಸಾಧಾರಣ ಡ್ರೋನೊಂದು ಮಾಡುವ ಹಾನಿ 12. ಆರು ಒಟ್ಟಿಗೆ ಬಂದರೆ 72. ನಿಧಾನದ ಡ್ರೋನುಗಳನ್ನು ಓಡಿ ತಪ್ಪಿಸಿಕೊಳ್ಳಬಹುದೆಂಬ ಭರವಸೆಯಲ್ಲಿ ರೂಪುಗೊಂಡ ಹಳೆಯ ನೌಕೆಯಲ್ಲಿ ಅಷ್ಟನ್ನೂ ಹೊಡೆದುರುಳಿಸುವಷ್ಟು ಸಣ್ಣ ಫೇಸರುಗಳು, ಅಂದರೆ ಕಿರಣ-ಫಿರಂಗಿಗಳು, ಇರುವುದಿಲ್ಲ. ಪಾಯಿಂಟಿನ ಮೊತ್ತ ಈ ಅಂತರವನ್ನು ಪೂರ್ತಿಯಾಗಿ ಎಂದಿಗೂ ತೋರಿಸಲಾರದು. ಹೀಗಾಗಿ ಡ್ರೋನ್, ಫೈಟರ್, ಸಣ್ಣ ದಾಳಿನೌಕೆಗಳಿಗೆ ನೌಕೆಯ ಸಾಲಿನ ಕೆಳಗೆ ಬೇರೊಂದು ಸಾಲು ಹಾಕಿ, ಅವುಗಳ ವರ್ಷವನ್ನು ಪ್ರತ್ಯೇಕವಾಗಿ ಬರೆದುಕೊಳ್ಳುವುದು ಕ್ಷೇಮ.

ಎದುರಾಳಿಯ ಸಾಮ್ರಾಜ್ಯ ಆ ವರ್ಷ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ನೋಡಬೇಕು. ಉದಾಹರಣೆಗೆ ರೊಮುಲನ್ನರೆಂಬ ಸಾಮ್ರಾಜ್ಯಕ್ಕೆ ಕ್ಲಿಂಗನ್ನರೊಡನೆ ವೈ160ರ ಒಪ್ಪಂದವಾಗುವವರೆಗೆ ಯುದ್ಧರಂಗದಲ್ಲಿ ಬಳಸಬಹುದಾದ ವಾರ್ಪ್ (ಬೆಳಕಿನ ವೇಗ ಮೀರುವ) ಎಂಜಿನ್ನೇ ಇರಲಿಲ್ಲ. ಆ ಮೇಲೆಯೇ ಹಳೆಯ ವಾರ್‌ಬರ್ಡುಗಳು ಹೊಸ ಎಂಜಿನ್ ಪಡೆದು ವಾರ್ ಈಗಲ್ ಎನಿಸಿದ್ದು, ಕ್ಲಿಂಗನ್ನರ ಡಿ6 ನೌಕೆಗಳು ಅವರ ಪಾಲಿಗೆ ಬಂದದ್ದು. ಅದಕ್ಕೂ ಹಿಂದಿನ ವರ್ಷವನ್ನು ಆರಿಸಿಕೊಂಡು ವಾರ್ ಈಗಲ್ ಇಳಿಸಿದರೆ ಇಡೀ ಕಥೆಯೇ ತಲೆಕೆಳಗಾಗುತ್ತದೆ.

ಕಾಲಕ್ಕೆ ಇನ್ನೊಂದು ತುದಿಯೂ ಇದೆ, ಅದನ್ನು ಆಟಗಾರರು ಮರೆಯುವುದೇ ಹೆಚ್ಚು. ಬ್ಯಾಟಲ್‌ಟೆಕ್ ಎಂಬ ಇನ್ನೊಂದು ಆಟದ ಲೋಕದಲ್ಲಿ ಮೆಕೆನ್ನಾ ದರ್ಜೆಯ ಮಹಾನೌಕೆ 2652ರದ್ದು. "ಹಳೆಯದಲ್ಲವೇ, 3025ರಲ್ಲಿ ಇರಲೇಬೇಕು" ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಅಷ್ಟರಲ್ಲಿ ಆ ಲೋಕದ ರಾಜಮನೆತನಗಳು ಸಿಂಹಾಸನಕ್ಕಾಗಿ ಕಾದಾಡಿದ ಉತ್ತರಾಧಿಕಾರದ ಯುದ್ಧಗಳಲ್ಲಿ ತಮ್ಮ ಯುದ್ಧನೌಕೆಗಳನ್ನೆಲ್ಲ ಕಳೆದುಕೊಂಡಿದ್ದವು, ಕಟ್ಟುವ ವಿದ್ಯೆಯೂ ಮರೆತುಹೋಗಿತ್ತು. 3050ರ ಸುಮಾರಿಗೆ ಹೊರಗಿನಿಂದ ದಾಳಿಗೆ ಬಂದ ಯೋಧಕುಲಗಳಾದ ಕ್ಲಾನ್‌ಗಳ ಬಳಿ ಮಾತ್ರ ಅದೇ ದರ್ಜೆಯ ನೌಕೆ ಸುಸ್ಥಿತಿಯಲ್ಲಿತ್ತು. ಹಾಗಾಗಿ ನೌಕೆ ಹುಟ್ಟಿದ ವರ್ಷದ ಜೊತೆಗೆ, ಈ ವರ್ಷ ಅದು ಯಾರ ಕೈಯಲ್ಲಿ ಉಳಿದಿದೆ ಎಂದೂ ಕೇಳಬೇಕಾಗುತ್ತದೆ.

ಹಳೆಯ ನೌಕೆ ಮುಂದಿನ ಕಾಲದಲ್ಲಿ ಕಾಣಿಸಿಕೊಳ್ಳಲೇಬಾರದೆಂದು ಇದರ ಅರ್ಥವಲ್ಲ. ಗಡಿ ಕಾವಲಿಗೆ, ಸರಕು ಸಾಗಣೆಯ ಬೆಂಗಾವಲಿಗೆ, ಮೀಸಲು ಪಡೆಯಿಂದ ಅವಸರದಲ್ಲಿ ಎಳೆದುತಂದ ಪಡೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಅಂಥಲ್ಲಿ ಗೆಲುವಿನ ಷರತ್ತನ್ನು ಬದಲಿಸಿ: ಎದುರಾಳಿಯನ್ನು ಮುಳುಗಿಸುವ ಬದಲು ಆರು ಸುತ್ತು ಉಳಿದರೆ ಅಥವಾ ಸರಕುನೌಕೆಗಳು ನಕ್ಷೆ ದಾಟಿದರೆ ಗೆದ್ದಂತೆ ಎಂದಿಡಿ.

ಸ್ವಂತ ನೌಕೆಗಳನ್ನು ರೂಪಿಸಿ ಆಡುವವರಿಗೆ ಸಿದ್ಧ ಪಟ್ಟಿಯ ಆಸರೆ ಇರುವುದಿಲ್ಲ. ಅವರು ಟ್ರಾವೆಲರ್ ಆಟದ ಏಣಿಯನ್ನು ಮಾದರಿಯಾಗಿಟ್ಟುಕೊಳ್ಳಬಹುದು. ಅಲ್ಲಿ ತಂತ್ರಜ್ಞಾನದ ಮಟ್ಟ 9ಕ್ಕೆ ಜಂಪ್-1 (ತಾರೆಗಳ ನಡುವೆ ನೆಗೆಯುವ ಎಂಜಿನ್ನಿನ ಮೊದಲ ದರ್ಜೆ) ದೊರೆತರೆ, ಜಂಪ್-6 ದೊರೆಯಲು ಮಟ್ಟ 15 ತಲುಪಬೇಕು. ಎಂಜಿನ್, ಗುರಾಣಿ, ಮುಖ್ಯ ಆಯುಧ, ಕ್ಷಿಪಣಿ ಈ ನಾಲ್ಕಕ್ಕಷ್ಟೇ ಇಂಥ ಮೆಟ್ಟಿಲುಗಳನ್ನು ಮಾಡಿ, ಪ್ರತಿ ಮೆಟ್ಟಿಲಿಗೂ ಒಂದು ವರ್ಷ ಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚಿಗೆ ಹೋದರೆ ಆಡುವುದಕ್ಕಿಂತ ಪಟ್ಟಿ ತುಂಬುವುದೇ ಹೆಚ್ಚಾಗುತ್ತದೆ.

ಕೊನೆಯದಾಗಿ ಬೊಂಬೆಗಳ ವಿಷಯ. ಪ್ರತಿ ನೌಕೆಯ ಪೀಠದ ಹಿಂಬದಿಗೆ ಕಿರಿದಾದ ಬಿಳಿ ಕಾಗದ ಅಂಟಿಸಿ, ದರ್ಜೆ, ರಿಫಿಟ್ ಅಕ್ಷರ, ಸೇವಾವರ್ಷ ಮೂರನ್ನೂ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ; ಹಲವು ವಾರ ನಡೆಯುವ ಆಟದಲ್ಲಿ ವರ್ಷ ಮುಂದೆ ಸರಿದಂತೆ ನೌಕೆ ಹಡಗುಕಟ್ಟೆಗೆ ಹೋಗಿ ರಿಫಿಟ್ ಪಡೆದು ಬಂದಾಗ ಹಳೆಯ ಅಕ್ಷರವನ್ನು ಅಳಿಸಿ ಹೊಸದನ್ನು ಬರೆಯಬೇಕಾಗುತ್ತದೆ.