ಆಪಲ್ ಬಟರ್: ಕಾಸುವ ಹದ, ಬಾಟಲಿ ಕುದಿಸುವ ಲೆಕ್ಕ

ಹೆಸರಲ್ಲಿ ಬಟರ್ ಇದ್ದರೂ ಇದರಲ್ಲಿ ಹನಿ ಬೆಣ್ಣೆಯೂ ಇಲ್ಲ. ಸೇಬಿನ ತಿರುಳನ್ನು ಕಂದುಬಣ್ಣ ಬರುವವರೆಗೆ ಬತ್ತಿಸಿ, ಬ್ರೆಡ್ಡಿಗೆ ಬೆಣ್ಣೆಯಂತೆ ಸವರುವ ಹದಕ್ಕೆ ತರುವುದಷ್ಟೇ. ಅಮೆರಿಕದ ಪೆನ್ಸಿಲ್ವೇನಿಯಾ, ಅಪಲಾಚಿಯಾ ಕಡೆ ಸೇಬಿನ ಸುಗ್ಗಿಯಲ್ಲಿ ಅಂಗಳದಲ್ಲೇ ತಾಮ್ರದ ಕೊಪ್ಪರಿಗೆ ಇಟ್ಟು, ಉದ್ದ ಹಿಡಿಯ ಮರದ ಹುಟ್ಟಿನಿಂದ ದಿನವಿಡೀ ತೊಳಸುತ್ತಿದ್ದರು. ಹಲಸಿನ ಹಣ್ಣಿನ ಬೆರಟಿ ಕಾಸಿದ ಕೈಗೆ ಅಷ್ಟು ಕೆಲಸ ಹೊಸದಲ್ಲ. ಹೊಸದಿರುವುದು ಬಾಟಲಿ ಕುದಿಸುವಲ್ಲಿ.

ಬೇಕಾಗುವುದು: ಸೇಬು 1.8 ಕೆಜಿ, ಸಕ್ಕರೆ ಹಾಕದ ಸೇಬಿನ ರಸ 240 ಮಿಲಿ, ವಿನೆಗರ್ 240 ಮಿಲಿ, ಬಿಳಿ ಸಕ್ಕರೆ 225 ಗ್ರಾಂ, ಕಂದು ಸಕ್ಕರೆ 245 ಗ್ರಾಂ, ಚಕ್ಕೆ ಪುಡಿ 1 ದೊಡ್ಡ ಚಮಚ, ಲವಂಗದ ಪುಡಿ ಮುಕ್ಕಾಲು ಟೀ ಚಮಚ. ಬೇಗ ಕರಗುವ ಗೋಲ್ಡನ್ ಡೆಲಿಷಿಯಸ್, ಮೆಕಿಂಟಾಷ್ ಜಾತಿಗಳು ಒಳ್ಳೆಯವು. ವಿನೆಗರ್ ಲೇಬಲ್ಲಿನಲ್ಲಿ ಆಮ್ಲ ಶೇ. 5 ಎಂದಿರಲಿ, ನಮ್ಮ ಅಂಗಡಿಗಳಲ್ಲಿ ಶೇ. 4ರದ್ದೂ ಸಿಗುತ್ತದೆ, ನೋಡಿ ತನ್ನಿ. ಸಿಹಿ ಕಡಿಮೆ ಮಾಡಿದರೆ ನಡೆಯುತ್ತದೆ, ಹುಳಿ ಕಡಿಮೆ ಮಾಡಬೇಡಿ. ಬೆರಟಿಯ ಅಭ್ಯಾಸದಲ್ಲಿ ತುಪ್ಪ ಬಿಡಲು ಕೈ ಹೋಗುತ್ತದೆ. ಖಂಡಿತ ಬೇಡ: ಬಾಟಲಿಯಲ್ಲಿ ಜಿಡ್ಡು ಕಮಟುತ್ತದೆ, ಕುದಿಯ ಬಿಸಿಯಿಂದ ರೋಗಾಣುಗಳನ್ನು ಕಾಪಾಡುತ್ತದೆ ಕೂಡ. ಗಟ್ಟಿಯಾಗಲೆಂದು ಕಾರ್ನ್‌ಫ್ಲೋರನ್ನೂ ಹಾಕಬಾರದು.

ಸೇಬು ತೊಳೆದು ನಾಲ್ಕು ಹೋಳು ಮಾಡಿ, ತೊಟ್ಟು ಮತ್ತು ಬೀಜದ ಭಾಗ ತೆಗೆಯಿರಿ. ಸಿಪ್ಪೆ ಇರಲಿ, ಗಟ್ಟಿಯಾಗಿಸುವ ಪೆಕ್ಟಿನ್ ಹೆಚ್ಚಿರುವುದು ಅದರಲ್ಲೇ. ರಸ, ವಿನೆಗರ್ ಸೇರಿಸಿ ದಪ್ಪ ತಳದ ಅಗಲ ಪಾತ್ರೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಕುಕ್ಕರಿನಲ್ಲಿ ಬೇಯಿಸಬೇಡಿ; ಸೇಬು ನೊರೆ ಉಕ್ಕಿ ವೆಯ್ಟ್ ಕೂರುವ ತೂತನ್ನು ಮುಚ್ಚಿಬಿಡುತ್ತದೆ. ಬೆಂದದ್ದನ್ನು ಜರಡಿಯಲ್ಲಿ ತಿಕ್ಕಿ ಸೋಸಿದರೆ ಸಿಪ್ಪೆ ಮೇಲುಳಿಯುತ್ತದೆ.

ತಿರುಳನ್ನು ಮತ್ತೆ ಸಣ್ಣ ಉರಿಗಿಟ್ಟು, ಅರ್ಧ ಬತ್ತಿದ ಮೇಲೆ ಸಕ್ಕರೆ, ಮಸಾಲೆ ಹಾಕಿ. ಮೊದಲೇ ಸಕ್ಕರೆ ಸುರಿದರೆ ತಳ ಹಿಡಿಯುವ ಭಯ ಹೆಚ್ಚು. ಒಟ್ಟು ಒಂದರಿಂದ ಎರಡು ಗಂಟೆಯ ಕೆಲಸ. ಗಟ್ಟಿಯಾಗುತ್ತ ಬಂದಂತೆ ಬುಳುಕ್ ಬುಳುಕ್ ಎಂದು ಸಿಡಿಯುತ್ತದೆ, ಮೈಮೇಲೆ ಬಿದ್ದರೆ ಬೊಬ್ಬೆ ಏಳುವಷ್ಟು ಬಿಸಿ. ಉದ್ದ ಹಿಡಿಯ ಮರದ ಸೌಟಿನಿಂದ ತಳ ಮುಟ್ಟಿಸಿ ಕೈಯಾಡಿಸುತ್ತಿರಿ. ಸೀದ ವಾಸನೆ ಬಂದರೆ ತಳ ಕೆರೆಯಬೇಡಿ. ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಸುರಿದುಕೊಳ್ಳಿ.

ಹದ ನೋಡಲು ತಣ್ಣನೆಯ ತಟ್ಟೆಗೆ ಒಂದು ಚಮಚ ಹಾಕಿ. ಅಂಚಿನ ಸುತ್ತ ನೀರು ಜಿನುಗಿ ಉಂಗುರ ಕಟ್ಟಿದರೆ ಇನ್ನೂ ಆಗಿಲ್ಲ. ಗುಡ್ಡೆ ಹಾಗೇ ಕೂತರೆ ಆಯಿತು.

ಈಗ ಬಾಟಲಿ. ಎರಡು ತುಂಡು ಮುಚ್ಚಳದ (ಚಪ್ಪಟೆ ಬಿಲ್ಲೆ, ಅದನ್ನು ಹಿಡಿದಿಡುವ ತಿರುಪಿನ ಬಳೆ) ಗಾಜಿನ ಮೇಸನ್ ಜಾರ್, 250 ಮಿಲಿಯದು ಎಂಟನ್ನು ತೊಳೆದು ಬಿಸಿನೀರಿನಲ್ಲೇ ಇಟ್ಟಿರಿ. ತಣ್ಣಗಿನ ಗಾಜಿಗೆ ಕುದಿಯುವುದನ್ನು ತುಂಬಿದರೆ ಚಟಕ್ಕನೆ ಸೀಳುತ್ತದೆ. ಬಿಸಿಬಿಸಿಯಾಗಿಯೇ ತುಂಬಿ, ಮೇಲೆ 6 ಮಿಲಿಮೀಟರ್ ಜಾಗ ಬಿಡಿ, ಗಾಳಿಗುಳ್ಳೆ ಬಿಡಿಸಿ, ಬಾಯಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅಂಚಿನಲ್ಲಿ ಒಂದು ತೊಟ್ಟು ಅಂಟಿದ್ದರೂ ಮುಚ್ಚಳ ಕಚ್ಚುವುದಿಲ್ಲ. ಬಳೆಯನ್ನು ಬೆರಳ ಬಲಕ್ಕಷ್ಟೇ ತಿರುಗಿಸಿ. ಒಳಗಿನ ಗಾಳಿ ಹೊರಬರಲು ದಾರಿ ಬೇಕು.

ಆಳದ ಪಾತ್ರೆಯ ತಳಕ್ಕೆ ಜಾಲರಿ ಇಲ್ಲವೇ ಮಡಿಸಿದ ಬಟ್ಟೆ ಹಾಕಿ ಬಾಟಲಿ ಇಳಿಸಿ. ಮುಚ್ಚಳದ ಮೇಲೆ 2.5 ಸೆಂಟಿಮೀಟರ್ ನೀರು ನಿಲ್ಲಬೇಕು. ನೀರು ಕೊತಕೊತ ಕುದಿದ ಮೇಲೇ ಸಮಯ ಎಣಿಸಿ. ಸಮುದ್ರಮಟ್ಟದಿಂದ 305 ಮೀಟರ್ ಎತ್ತರದವರೆಗೆ 5 ನಿಮಿಷ, ಅಲ್ಲಿಂದ 1,830 ಮೀಟರ್‌ವರೆಗೆ 10, ಅದಕ್ಕೂ ಮೇಲೆ 15. ಎತ್ತರ ಏರಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಹೆಚ್ಚುಕಡಿಮೆ 97 ಡಿಗ್ರಿ. ಹಾಗಾಗಿ ಬೆಂಗಳೂರು, ಮೈಸೂರು, ಮಡಿಕೇರಿಗೆ 10 ನಿಮಿಷ. ಮಂಗಳೂರಿನವರು 5 ನಿಮಿಷ ಕುದಿಸುವುದಾದರೆ ಖಾಲಿ ಬಾಟಲಿಯನ್ನು ಮೊದಲೇ 10 ನಿಮಿಷ ಕುದಿಸಿರಬೇಕು.

ಬಾಟಲಿ ಬೋರಲು ಹಾಕುವ ರೂಢಿ ಬಿಡಿ, ಅದು ಸರಿಯಾದ ಮುದ್ರೆಯಲ್ಲ. ಅಲುಗಾಡಿಸದೆ 12ರಿಂದ 24 ಗಂಟೆ ಆರಲು ಬಿಟ್ಟು, ಮುಚ್ಚಳದ ನಡುವೆ ಒತ್ತಿ ನೋಡಿ. ಟಕ್ ಎಂದು ಮೇಲೇಳುವುದು ಕಚ್ಚಿಲ್ಲ ಎಂದರ್ಥ. ಅದನ್ನು ಫ್ರಿಜ್ಜಿನಲ್ಲಿಟ್ಟು ಮೂರು ವಾರದಲ್ಲಿ ಮುಗಿಸಿ. ಕಚ್ಚಿದವು ಕತ್ತಲೆಯ ತಂಪು ಜಾಗದಲ್ಲಿ ಒಂದು ವರ್ಷ ಚೆನ್ನಾಗಿರುತ್ತವೆ. ತೆರೆದಾಗ ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ಉಳಿದದ್ದನ್ನು ತಿನ್ನಬೇಡಿ, ಇಡೀ ಬಾಟಲಿ ಚೆಲ್ಲಿ. ಇದೇ ಲೆಕ್ಕದಲ್ಲಿ ಸಿಹಿಗುಂಬಳವನ್ನು ಬಾಟಲಿಗೆ ಹಾಕುವ ಯೋಚನೆಯೂ ಬೇಡ: ಅದರಲ್ಲಿ ಹುಳಿ ಕಡಿಮೆ, ತಿರುಳು ಒತ್ತು, ಬಿಸಿ ನಡುವಿನವರೆಗೆ ಇಳಿಯುವುದಿಲ್ಲ. ಕುಂಬಳದ್ದು ಮಾಡಿದರೆ ಫ್ರಿಜ್ಜಿಗೆ ಅಥವಾ ಫ್ರೀಜರಿಗೇ ಇಡಿ.