ಬಾಗಿಲು ಸರಿಯಾದ ಮೇಲೆ ಕೂತ ಮಡ್‌ಗಾರ್ಡ್

ಅಪ್ಪನ 1984ರ ಅಂಬಾಸಿಡರ್ ಕಾರಿನ ಎಡಗಡೆಯ ಮುಂದಿನ ಮಡ್‌ಗಾರ್ಡ್ ತುಕ್ಕು ತಿಂದು ಜರಡಿಯಾಗಿತ್ತು. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಈ ಕಾರಿನ ತಯಾರಿಕೆ ನಿಲ್ಲಿಸಿದೆ. ಹಾಗಾಗಿ ಹಳೆಯದರ ಅಳತೆಗೆ ಹೊಸದಾಗಿ ಮಾಡಿದ ಮಡ್‌ಗಾರ್ಡನ್ನು ಬೆಂಗಳೂರಿನಿಂದ ತುಮಕೂರಿಗೆ ತರಿಸಿದೆ. ಶಿರಾ ಗೇಟ್ ಬಳಿಯ ಗ್ಯಾರೇಜಿನಲ್ಲಿ ಕೂರಿಸಿ ನೋಡಿದರೆ, ಬಾಗಿಲಿಗೂ ಅದಕ್ಕೂ ನಡುವಿನ ಸಂದು ಮೇಲೆ 9 ಮಿ.ಮೀ., ಕೆಳಗೆ ಬರೀ 3 ಮಿ.ಮೀ.

"ಅಂಚನ್ನು ಗ್ರೈಂಡರ್ ಹಿಡಿದು ಸವೆಸಿಬಿಡೋಣ ಸರ್" ಎಂದ ಟಿಂಕರಿಂಗ್ ಹುಡುಗನನ್ನು ತಡೆದೆ. ಬಾಗಿಲು ತೆರೆದು ಅದರ ಹಿಂತುದಿಯನ್ನು ಎರಡೂ ಕೈಯಿಂದ ಎತ್ತಿದಾಗ ಮೇಲಿನ ಕೀಲು ಕಟಕಟನೆ ಅಲುಗಿತು. ತಪ್ಪು ಹೊಸ ತಗಡಿನದಲ್ಲ. ಕೀಲಿನ ಪಿನ್ ಸವೆದು ಬಾಗಿಲೇ ಜೋತುಬಿದ್ದಿತ್ತು. ಪಿನ್ ಬದಲಿಸಿದ ಕೂಡಲೇ ಸಂದು ಬಹುತೇಕ ಸಮವಾಯಿತು.

ಆದರೂ ಮಡ್‌ಗಾರ್ಡಿನ ಎರಡು ಬೋಲ್ಟ್ ತೂತುಗಳು ಕೂಡಲಿಲ್ಲ. ದುಂಡು ಅರದಿಂದ ಅವನ್ನು ಉದ್ದವಾಗಿಸಿ, ಎಲ್ಲ ಬೋಲ್ಟುಗಳನ್ನೂ ಬೆರಳಿನಲ್ಲಷ್ಟೇ ತಿರುಗಿಸಿ ನಿಲ್ಲಿಸಿದೆವು. ಒಂದನ್ನೂ ಮೊದಲೇ ಬಿಗಿಯಬಾರದು. ಬಾಗಿಲು, ಬಾನೆಟ್ ಎರಡನ್ನೂ ಮುಚ್ಚಿ ನೋಡುತ್ತಾ, ಬೇಕಾದ ಕಡೆ ವಾಷರ್ ಕೊಟ್ಟು, ಸ್ವಲ್ಪಸ್ವಲ್ಪವೇ ಬಿಗಿದುಕೊಂಡು ಬಂದೆವು.

ಇನ್ನೊಂದು ಮಾತು: ಹೊಸ ಮಡ್‌ಗಾರ್ಡಿಗೆ ಬರುವಾಗಲೇ ಬಳಿದಿರುವ ಕಪ್ಪು ಬಣ್ಣವನ್ನು ನಂಬಬೇಡಿ. ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಎದ್ದುಬಂತು, ಕೆಳಗೆ ಆಗಲೇ ಕೇಸರಿ ತುಕ್ಕಿನ ಚುಕ್ಕೆಗಳು. ಎಲ್ಲವನ್ನೂ ತಗಡು ಹೊಳೆಯುವವರೆಗೆ ಉಜ್ಜಿಸಿ, ಒಳಮೈಗೂ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಸಿದೆ. ಈಗ ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಳ್ಳುತ್ತದೆ.